ಹುಳು ಸಪ್ಪೆಯಾದಾಗ ಎಲ್ಲಿಂದ ಹುಡುಕಬೇಕು: ರೇಷ್ಮೆ ಮನೆಯ ದೋಷ ನಿವಾರಣೆ ಕೈಪಿಡಿ

ದೂರು ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ನಾಲ್ಕನೇ ಜ್ವರದಿಂದ (ಪೊರೆ ಕಳಚಲು ಹುಳು ತಿನ್ನುವುದು ಬಿಟ್ಟು ಕೂರುವ ಹೊತ್ತನ್ನು ಜ್ವರ ಅನ್ನುತ್ತೇವೆ) ಹುಳು ಚೆನ್ನಾಗಿಯೇ ಎದ್ದಿತ್ತು. ಎರಡು ದಿನ ಸೊಪ್ಪು ಸರಸರ ತಿಂದಿತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹಾಕಿದ ಸೊಪ್ಪು ಹಾಗೇ ಇದೆ. ಹುಳು ಮೆತ್ತಗೆ ಬಿದ್ದಿದೆ. ಹುಳುವಿನ ಕೆಳಗಿನ ಸೊಪ್ಪಿನ ಹಾಸಿಗೆ ನಾರುತ್ತಿದೆ. "ಅಣ್ಣ, ಸಪ್ಪೆ ರೋಗ ಬಂದಿದೆ. ಯಾವ ಪುಡಿ ಹಾಕಬೇಕು ಅಷ್ಟು ಹೇಳಿ ಸಾಕು" ಅಂತ ಫೋನು.

ಪುಡಿಯ ಹೆಸರು ಹೇಳುವುದು ಸುಲಭ. ಆದರೆ ಅದರಿಂದ ಬೆಳೆ ಉಳಿಯುವುದು ಕಡಿಮೆ. ಸಪ್ಪೆ ಅನ್ನುವುದು ಒಂದು ರೋಗದ ಹೆಸರಲ್ಲ. ಹುಳು ಮೆತ್ತಗಾಗಿ, ತಿನ್ನುವುದು ಬಿಟ್ಟು, ಸತ್ತ ಮೇಲೆ ಕಪ್ಪಾಗಿ ಕೊಳೆಯುವ ಸ್ಥಿತಿಗೆ ನಾವು ಕೊಟ್ಟಿರುವ ಹೆಸರು. ಅದರ ಹಿಂದೆ ಬೇರೆ ಬೇರೆ ಬ್ಯಾಕ್ಟೀರಿಯಾ ಇರಬಹುದು, ವೈರಸ್ ಇರಬಹುದು. ಬ್ಯಾಕ್ಟೀರಿಯಾ ಇದ್ದರೂ ಅದಕ್ಕೆ ದಾರಿ ಮಾಡಿಕೊಟ್ಟ ಕಾರಣ ಇನ್ನೊಂದಿರುತ್ತದೆ. ಸೊಪ್ಪು, ಸೆಕೆ, ಇಕ್ಕಟ್ಟು, ಪಕ್ಕದ ಹೊಲದ ಔಷಧಿ. ಆ ಕಾರಣ ಸಿಗದೆ ಪುಡಿ ಎರಚಿದರೆ ನಾಳೆ ಬೆಳಿಗ್ಗೆ ಮತ್ತಷ್ಟು ಹುಳು ಸತ್ತಿರುತ್ತವೆ.

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ಕಡೆಯವರಿಗೂ ಬಹಳಷ್ಟು ಹೊಂದುತ್ತದೆ. ಆದರೆ ಹೊಗೆಸೊಪ್ಪು, ಆಲೂಗಡ್ಡೆ, ಕೋಸು, ಹಿಪ್ಪುನೇರಳೆ ಎಲ್ಲ ಒಂದೇ ಬದುವಿನ ಆಚೆ ಈಚೆ ಇರುವುದು ನಮ್ಮ ಕಡೆಯ ವಿಶೇಷ. ಅದರಿಂದ ಬರುವ ಗೊಂದಲವೂ ನಮ್ಮ ಕಡೆ ಜಾಸ್ತಿ.

ಸತ್ತ ಹುಳು ಈಗಲೇ ಎಸೆಯಬೇಡಿ

ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಹಾಸಿಗೆ ಬಳಿದು ಹೊರಗೆ ಹಾಕುವುದು. ಒಂದು ಹತ್ತು ನಿಮಿಷ ತಡೆಯಿರಿ. ಏನಾಯಿತು ಅಂತ ಹೇಳುವ ಸಾಕ್ಷಿ ಅಲ್ಲೇ ಇದೆ.

ಮೊದಲು ಮನೆಯೊಳಗೆ ಒಂದು ಸುತ್ತು ಬನ್ನಿ. ಸತ್ತ ಹುಳು ಎಲ್ಲಿ ಜಾಸ್ತಿ ಇವೆ? ಮೇಲಿನ ಅಂತಸ್ತಿನಲ್ಲೇ ಜಾಸ್ತಿ ಇದ್ದರೆ ತಲೆಯ ಮೇಲಿನ ಶೀಟಿನ ಬಿಸಿಯನ್ನು ಅನುಮಾನಿಸಬೇಕು. ಕೆಳಗಿನ ಅಂತಸ್ತು ಮತ್ತು ಗೋಡೆ ಮೂಲೆಯಲ್ಲಿ ಜಾಸ್ತಿ ಇದ್ದರೆ ತೇವ ಮತ್ತು ಗಾಳಿ ಇಲ್ಲದಿರುವುದು ಕಾರಣವಿರಬಹುದು. ಒಂದೇ ಸ್ಟ್ಯಾಂಡಿನಲ್ಲಿ ಮಾತ್ರ ಆಗಿದ್ದರೆ ಅದಕ್ಕೆ ಹಾಕಿದ ಸೊಪ್ಪು ಯಾವ ಸಾಲಿನದ್ದು ಅಂತ ಕೇಳಬೇಕು. ಇಡೀ ಮನೆಯಲ್ಲಿ ಒಂದೇ ಹೊತ್ತಿಗೆ, ಒಂದೇ ಊಟದ ನಂತರ ಬಿದ್ದಿದ್ದರೆ ಅದು ರೋಗಕ್ಕಿಂತ ವಿಷವಾಗಿರುವ ಸಾಧ್ಯತೆ ಹೆಚ್ಚು. ರೋಗ ಸಾಮಾನ್ಯವಾಗಿ ಅಲ್ಲಲ್ಲಿ ಶುರುವಾಗಿ ಹರಡುತ್ತದೆ.

ಆಮೇಲೆ ಹುಳು ಕೈಗೆತ್ತಿಕೊಳ್ಳಿ. ಇಲ್ಲಿ ಒಂದು ಮಾತು ಮುಖ್ಯ: ನೋಡಬೇಕಾದ್ದು ಕೊಳೆತ ಹುಳುವನ್ನಲ್ಲ, ಜೀವ ಇದ್ದು ನರಳುತ್ತಿರುವ ಹುಳುವನ್ನು. ಯಾವ ಕಾರಣಕ್ಕೆ ಸತ್ತರೂ ಕೆಲವು ಗಂಟೆಗಳಲ್ಲಿ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಇಡೀ ಮೈಯನ್ನು ತುಂಬಿಕೊಳ್ಳುತ್ತದೆ. ವೈರಸ್ಸಿನಿಂದ ಸತ್ತದ್ದೂ, ವಿಷದಿಂದ ಸತ್ತದ್ದೂ ಸಂಜೆ ಹೊತ್ತಿಗೆ ಕಪ್ಪಾಗಿ ನಾರುತ್ತದೆ. ಆಗ ನೋಡಿ "ಬ್ಯಾಕ್ಟೀರಿಯಾ" ಅಂದರೆ ಅದು ಉತ್ತರವೇ ಅಲ್ಲ.

ನರಳುವ ಹುಳುವಿನ ಬಾಲದ ಕೊಂಬನ್ನೋ ಹೊಟ್ಟೆಯ ಕಡೆಯ ಒಂದು ಕಾಲನ್ನೋ ಸೂಜಿಯಿಂದ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಬೀಳಿಸಿ. ಗಾಜಿನ ಕೆಳಗೆ ಕಪ್ಪು ಕಾಗದ ಇರಲಿ. ಆರೋಗ್ಯದ ಹುಳುವಿನ ರಕ್ತ ತಿಳಿಯಾಗಿ, ನಸುಹಳದಿಯಾಗಿ ಇರುತ್ತದೆ. ಬಿದ್ದ ಕೂಡಲೇ ನೋಡಬೇಕು. ಗಾಳಿಗೆ ಬಿಟ್ಟರೆ ಒಳ್ಳೆಯ ರಕ್ತವೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಕಪ್ಪಾಗುತ್ತದೆ. ಅದನ್ನು ನೋಡಿ ಹೆದರಬೇಡಿ.

ಬ್ಯಾಕ್ಟೀರಿಯಾ ಅಲ್ಲದ್ದನ್ನು ಮೊದಲು ಬದಿಗಿಡಿ

ಹನಿ ಹಾಲಿನ ಥರ ಬೆಳ್ಳಗಿದ್ದರೆ ಇಲ್ಲಿಗೇ ನಿಲ್ಲಿ. ಅದು ಹಾಲುತೊಂಡೆ ರೋಗ. ಅದು ವೈರಸ್. ಅಂಥ ಹುಳು ಸುಮ್ಮನೆ ಮಲಗುವುದಿಲ್ಲ. ತಟ್ಟೆಯ ಅಂಚಿನಲ್ಲಿ ಓಡಾಡುತ್ತದೆ. ಗೆಣ್ಣು ಗೆಣ್ಣಿನ ನಡುವೆ ಊದಿಕೊಂಡು ಚರ್ಮ ಹಳದಿಯಾಗಿ ಹೊಳೆಯುತ್ತದೆ. ಮುಟ್ಟಿದರೆ ಒಡೆಯುತ್ತದೆ.

ಸತ್ತ ಹುಳು ಮೆತ್ತಗಾಗದೆ ಬಿರುಸಾಗಿ, ದಿನ ಕಳೆದಂತೆ ಮೈಮೇಲೆ ಬಿಳಿ ಪುಡಿ ಕಟ್ಟಿದರೆ ಅದು ಸುಣ್ಣಕಟ್ಟು ರೋಗ. ಅದು ಶಿಲೀಂಧ್ರ. ಕೊಳೆತ ವಾಸನೆ ಇರುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಹಣ್ಣು ಕೊರಕಕ್ಕೆ ಸಿಂಪಡಿಸುವ ಬ್ಯುವೇರಿಯಾ ಬಾಸಿಯಾನಾ ಇದೆಯಲ್ಲ, ಬಿಳಿ ಸುಣ್ಣಕಟ್ಟಿಗೆ ಕಾರಣ ಅದೇ ಜಾತಿಯ ಶಿಲೀಂಧ್ರ. ಕಾಫಿ ತೋಟವೂ ಇದ್ದು ಹುಳುವನ್ನೂ ಸಾಕುವ ಮನೆಯವರು ಆ ಸ್ಪ್ರೇಯರನ್ನು ಹುಳು ಮನೆಯ ಹತ್ತಿರ ತರಲೇಬಾರದು.

ಹುಳುಗಳು ಒಂದೇ ಸಮ ಇಲ್ಲದೆ ಚಿಕ್ಕದು ದೊಡ್ಡದು ಮಿಶ್ರವಾಗಿದ್ದು, ಮೈಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ಗಂಟುರೋಗದ ಅನುಮಾನ. ಇದು ಮೊಟ್ಟೆಯಿಂದಲೇ ಬರಬಹುದು. ಕಣ್ಣಿನಲ್ಲಿ ತೀರ್ಮಾನ ಮಾಡುವಂತಿಲ್ಲ, ಸೂಕ್ಷ್ಮದರ್ಶಕ ಬೇಕೇ ಬೇಕು. ತಡ ಮಾಡದೆ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಕ್ಕೆ ತಿಳಿಸಿ.

ಈ ಗಂಟುರೋಗ ಮತ್ತು ಸಪ್ಪೆ ಎರಡನ್ನೂ ಒಂದೇ ಅಂದುಕೊಂಡು ದೊಡ್ಡ ದೊಡ್ಡವರೂ ತಡಬಡಿಸಿದ್ದಾರೆ. 1865ರಲ್ಲಿ ಫ್ರಾನ್ಸಿನ ದಕ್ಷಿಣದ ಆಲೆಸ್ ಊರಿಗೆ ಲೂಯಿ ಪ್ಯಾಶ್ಚರ್ ಹೋದದ್ದು ರೇಷ್ಮೆ ಹುಳುವಿನ ರೋಗ ಹುಡುಕಲು. ಅಲ್ಲಿ ಹುಳು ಸಾಯುತ್ತಿರುವುದು ಒಂದು ರೋಗದಿಂದಲ್ಲ, ಎರಡರಿಂದ ಅಂತ ಸ್ಪಷ್ಟವಾಗಲು ವರ್ಷಗಳೇ ಹಿಡಿದವು. ಗಂಟುರೋಗಕ್ಕೆ ತಾಯಿ ಚಿಟ್ಟೆಯನ್ನು ಪರೀಕ್ಷಿಸಿ ಒಳ್ಳೆಯ ಮೊಟ್ಟೆ ಆರಿಸುವ ದಾರಿ ಅವರಿಂದ ಬಂತು. ಇವತ್ತು ನಾವು ರೋಗರಹಿತ ಮೊಟ್ಟೆ ಅಂತ ತರುವುದರ ಹಿಂದೆ ಆ ಕೆಲಸವಿದೆ. ಸಪ್ಪೆಗೆ ಮಾತ್ರ ಹಾಗೆ ಮೊಟ್ಟೆಯಲ್ಲೇ ತಡೆಯುವ ದಾರಿ ಇಲ್ಲ. ಅದು ನಮ್ಮ ಮನೆಯಲ್ಲೇ ಹುಟ್ಟುತ್ತದೆ.

ಬ್ಯಾಕ್ಟೀರಿಯಾವೇ ಆಗಿದ್ದರೆ ಯಾವ ಬಗೆ?

ಸಾಕಣೆಗೆ ಉಪಯೋಗವಾಗುವ ಮಟ್ಟಿಗೆ ಮೂರು ಬಗೆ ಅಂತ ಇಟ್ಟುಕೊಳ್ಳಬಹುದು. ಮೂರಕ್ಕೂ ನಡೆಯುವ ವೇಗ ಬೇರೆ. ವೇಗವೇ ನಿಮಗೆ ಸಿಗುವ ಒಳ್ಳೆಯ ಸುಳಿವು.

ನಿಧಾನದ್ದು ಹೊಟ್ಟೆಯ ಸಪ್ಪೆ. ಹುಳು ದಿನಗಟ್ಟಲೆ ಮಂಕಾಗುತ್ತಾ ಹೋಗುತ್ತದೆ. ತಿನ್ನುವುದು ಕಡಿಮೆಯಾಗುತ್ತದೆ, ಬೆಳವಣಿಗೆ ಹಿಂದೆ ಬೀಳುತ್ತದೆ, ಜ್ವರಕ್ಕೆ ಕೂರುವುದು ಮುಂದೆ ಹಿಂದೆ ಆಗುತ್ತದೆ. ಹುಳುವನ್ನು ಬೆಳಕಿಗೆ ಹಿಡಿದು ನೋಡಿ. ತಲೆಯ ಹಿಂದಿನ ಎದೆ ಭಾಗ ಪಾರದರ್ಶಕವಾಗಿ ಕಂಡರೆ ಹೊಟ್ಟೆಯಲ್ಲಿ ಸೊಪ್ಪು ಇಲ್ಲ ಅಂತ ಅರ್ಥ. ಹಿಕ್ಕೆಯನ್ನೂ ನೋಡಿ. ಆರೋಗ್ಯದ ಹುಳುವಿನ ಹಿಕ್ಕೆ ಒಣಗಿ, ಗಟ್ಟಿಯಾಗಿ, ಗೆರೆ ಗೆರೆಯಾಗಿ, ಬಿಡಿ ಬಿಡಿ ಕಾಳಾಗಿ ಬೀಳುತ್ತದೆ. ಇಲ್ಲಿ ಅದು ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡು ಸರದ ಹಾಗೆ ಬರುತ್ತದೆ, ಅಥವಾ ನೀರಾಗಿ ಗುದದ ಸುತ್ತ ಮೆತ್ತಿರುತ್ತದೆ.

ಇದು ಯಾಕೆ ಆಗುತ್ತದೆ ಅಂತ ತಿಳಿದರೆ ಮುಂದಿನದ್ದೆಲ್ಲ ಸುಲಭ. ರೇಷ್ಮೆ ಹುಳುವಿನ ಹೊಟ್ಟೆಯ ರಸ ಚೆನ್ನಾಗಿ ಕ್ಷಾರವಾಗಿರುತ್ತದೆ, ಪಿಎಚ್ 9ಕ್ಕಿಂತ ಮೇಲೆ. ಪ್ರತಿ ಎಲೆಯ ಮೇಲೂ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ, ಹುಳು ದಿನವೂ ಅದನ್ನು ತಿನ್ನುತ್ತದೆ. ಗಟ್ಟಿ ಹುಳುವಿನ ಹೊಟ್ಟೆಯಲ್ಲಿ ಅವು ಹೆಚ್ಚಿಕೊಳ್ಳಲಾರವು. ಸೆಕೆಯಲ್ಲಿ ಬೆಂದ, ಹಸಿದ, ಹಳಸಿದ ಸೊಪ್ಪು ತಿಂದ ಹುಳುವಿನಲ್ಲಿ ಆ ಕ್ಷಾರ ಗುಣ ತಗ್ಗುತ್ತದೆ. ಆಗ ಎಂಟೆರೊಕಾಕಸ್ ಥರದ ಬ್ಯಾಕ್ಟೀರಿಯಾ ಕರುಳು ತುಂಬಾ ಬೆಳೆಯುತ್ತದೆ. ಅಂದರೆ ಇಲ್ಲಿ ಬ್ಯಾಕ್ಟೀರಿಯಾ ಎರಡನೆಯದು. ಮೊದಲನೆಯದು ಹುಳುವನ್ನು ಬಡವಾಗಿಸಿದ ಸಂಗತಿ. ಕೆಲವು ವೈರಸ್‌ಗಳೂ ಹೀಗೇ ಹುಳುವನ್ನು ಮೊದಲು ಬಡವಾಗಿಸುತ್ತವೆ, ಆಮೇಲೆ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಸೊಪ್ಪು, ಗಾಳಿ ಎಲ್ಲ ಸರಿ ಇದ್ದೂ ಬೆಳೆ ಬೆಳೆಗೂ ಇದೇ ಮರುಕಳಿಸಿದರೆ ಪ್ರಯೋಗಾಲಯಕ್ಕೆ ಕಳಿಸುವುದೇ ದಾರಿ.

ವೇಗದ್ದು ರಕ್ತದ ಸಪ್ಪೆ. ಹುಳುವಿನ ಚರ್ಮಕ್ಕೆ ಗಾಯವಾಗಿ ಬ್ಯಾಕ್ಟೀರಿಯಾ ನೇರ ರಕ್ತಕ್ಕೆ ಇಳಿದರೆ ಒಂದು ದಿನದೊಳಗೆ ಕತೆ ಮುಗಿಯಬಹುದು. ನಿನ್ನೆ ಸಂಜೆ ಚೆನ್ನಾಗಿ ತಿಂದ ಹುಳು ಬೆಳಿಗ್ಗೆ ಸತ್ತಿರುತ್ತದೆ. ಸತ್ತ ಮೇಲೆ ಬಣ್ಣ ನೋಡಿ. ಎದೆಯ ಹತ್ತಿರ ಕಪ್ಪು ಹಸಿರು ಮಚ್ಚೆ ಶುರುವಾಗಿ ಹಿಂದಕ್ಕೆ ಹರಡುವುದು ಒಂದು ಬಗೆ. ಮೈ ಕೆಂಪಗೆ ತಿರುಗುವುದು ಇನ್ನೊಂದು ಬಗೆ. ಕೆಂಪಗೆ ಮಾಡುವುದು ಸೆರಾಷಿಯಾ ಮಾರ್ಸೆಸೆನ್ಸ್ ಅನ್ನುವ ಬ್ಯಾಕ್ಟೀರಿಯಾ. ಮಣ್ಣು, ನೀರು, ತೇವ ಇರುವ ಕಡೆಯೆಲ್ಲ ಅದು ಸಾಮಾನ್ಯ. ಎರಡರಲ್ಲೂ ಕೊನೆಗೆ ಒಳಗೆಲ್ಲ ಕರಗಿ ತೆಳು ಚರ್ಮದ ಚೀಲ ಮಾತ್ರ ಉಳಿಯುತ್ತದೆ, ಮುಟ್ಟಿದರೆ ಕಂದು ನೀರು ಬರುತ್ತದೆ, ವಾಸನೆ ಸಹಿಸಲಾಗುವುದಿಲ್ಲ.

ಗಾಯ ಎಲ್ಲಿಂದ ಬಂತು ಅನ್ನುವುದೇ ಇಲ್ಲಿ ಹುಡುಕಬೇಕಾದ ದೋಷ. ಇಕ್ಕಟ್ಟಾದ ಹಾಸಿಗೆಯಲ್ಲಿ ಹುಳು ಒಂದರ ಮೇಲೊಂದು ಹತ್ತಿ ಕಾಲಿನ ಉಗುರಿನಿಂದ ಗೀರಿಕೊಳ್ಳುತ್ತವೆ. ಹಾಸಿಗೆ ಬದಲಿಸುವಾಗ ಮುಷ್ಟಿ ಮುಷ್ಟಿಯಾಗಿ ಬಾಚಿ ಎತ್ತಿದರೆ ಗಾಯವಾಗುತ್ತದೆ. ಒಣಗಿದ ಕಡ್ಡಿಯ ತುದಿ ಚುಚ್ಚುತ್ತದೆ. ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ ಕೂತ ಕಡೆಯೂ ಗಾಯವೇ. ಅದರ ಗುರುತು ಹುಳುವಿನ ಮೈಮೇಲೆ ಕಪ್ಪು ಕಲೆಯಾಗಿ ಕಾಣುತ್ತದೆ. ರೆಂಬೆ ಸಮೇತ ಸೊಪ್ಪು ಹಾಕಿ ಹುಳುವನ್ನು ಕೈಯಲ್ಲಿ ಮುಟ್ಟುವುದು ಕಡಿಮೆ ಮಾಡಿದ ಮನೆಗಳಲ್ಲಿ ಈ ಬಗೆ ಕಡಿಮೆಯಾದದ್ದನ್ನು ಗಮನಿಸಿದ್ದೇನೆ.

ಮೂರನೆಯದು ಎಲ್ಲಕ್ಕಿಂತ ಬಿರುಸು. ಇದನ್ನು ಬೇರೆಯಾಗಿಯೇ ಹೇಳಬೇಕು.

ಗಂಟೆಗಳಲ್ಲಿ ಬಿದ್ದರೆ: ಬಿಟಿಯಾ, ಹೊಗೆಸೊಪ್ಪಾ?

ಕೋಸು, ಟೊಮೆಟೊಗೆ ಹುಳು ಬಿದ್ದರೆ ಸಿಂಪಡಿಸುವ ಬಿಟಿ ನಿಮಗೆ ಗೊತ್ತಿರುತ್ತದೆ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅದರ ಪೂರ್ತಿ ಹೆಸರು. ರೈತನಿಗೆ ಅದು ಒಳ್ಳೆಯ ಸ್ನೇಹಿತ. ಆದರೆ ಆ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ ರೇಷ್ಮೆ ಹುಳುವಿನ ಕೊಲೆಗಾರನಾಗಿ. 1901ರಲ್ಲಿ ಜಪಾನಿನ ಇಶಿವಾಟಾ ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಬಿದ್ದು ಸಾಯುವ ಸೊಟ್ಟೊ ರೋಗದಲ್ಲಿ ಅದನ್ನು ಕಂಡರು. ಆಮೇಲೆ ಜರ್ಮನಿಯ ಥುರಿಂಜಿಯಾ ಪ್ರಾಂತದ ಹಿಟ್ಟಿನ ಪತಂಗದ ಹುಳುವಿನಲ್ಲಿ ಬರ್ಲಿನರ್ ಅದನ್ನು ಮತ್ತೆ ಕಂಡು, 1915ರಲ್ಲಿ ಆ ಪ್ರಾಂತದ ಹೆಸರನ್ನೇ ಇಟ್ಟರು.

ಬಿಟಿ ಬೀಜಾಣು ಕಟ್ಟುವಾಗ ಒಂದು ಪ್ರೋಟೀನಿನ ಹರಳನ್ನೂ ಕಟ್ಟುತ್ತದೆ. ಆ ಹರಳು ಕ್ಷಾರದಲ್ಲಿ ಕರಗುತ್ತದೆ. ನಮ್ಮ ಹೊಟ್ಟೆ ಹುಳಿ, ಅದಕ್ಕೇ ನಮಗೇನೂ ಆಗುವುದಿಲ್ಲ. ಪತಂಗದ ಜಾತಿಯ ಹುಳುಗಳ ಹೊಟ್ಟೆ ಕ್ಷಾರ. ಹರಳು ಕರಗಿ, ಕರುಳಿನ ಗೋಡೆಗೆ ಅಂಟಿ, ತೂತು ಮಾಡುತ್ತದೆ. ಕರುಳು ಕೆಲಸ ನಿಲ್ಲಿಸುತ್ತದೆ. ಕೋಸಿನ ಹುಳುವೂ ರೇಷ್ಮೆ ಹುಳುವೂ ಪತಂಗದ ಮರಿಗಳೇ ಅಲ್ವಾ? ಬಿಟಿಗೆ ಅವೆರಡರ ನಡುವೆ ವ್ಯತ್ಯಾಸ ಗೊತ್ತಿಲ್ಲ.

ಆದ್ದರಿಂದ ಇದನ್ನು ಮನೆಯವರಿಗೆಲ್ಲ ಹೇಳಿ: ಡಬ್ಬಿಯ ಮೇಲೆ ಜೈವಿಕ ಅಂತ ಬರೆದಿದ್ದರೆ ಅದು ರೇಷ್ಮೆ ಹುಳುವಿಗೆ ಸುರಕ್ಷಿತ ಅಂತಲ್ಲ. ಹಿಪ್ಪುನೇರಳೆಗೆ ಎಲೆ ಸುರುಳಿ ಹುಳು ಬಿದ್ದಾಗ, ರಾಸಾಯನಿಕ ಬೇಡ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಬಿಟಿ ಹೊಡೆಯಲು ಹೋಗುವವರಿದ್ದಾರೆ. ಹಿಪ್ಪುನೇರಳೆಗೆ ಬಿಟಿ ಬೇಡವೇ ಬೇಡ. ಪಕ್ಕದ ಹೊಲದಲ್ಲಿ ಕೋಸಿಗೆ ಹೊಡೆಯುವಾಗ ಗಾಳಿ ನಿಮ್ಮ ತೋಟದ ಕಡೆಗಿದ್ದರೂ ಅಂಚಿನ ಸಾಲುಗಳು ಹೋದಂತೆಯೇ.

ಸೊಟ್ಟೊ ಬಡಿದ ಹುಳು ತಿನ್ನುವುದನ್ನು ತಟ್ಟನೆ ನಿಲ್ಲಿಸುತ್ತದೆ. ತಲೆ ಎತ್ತುತ್ತದೆ, ನಡುಗುತ್ತದೆ, ಆಮೇಲೆ ಲಕ್ವ ಹೊಡೆದ ಹಾಗೆ ಮಲಗುತ್ತದೆ. ಜಾಸ್ತಿ ತಿಂದಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು. ಕಡಿಮೆ ತಿಂದಿದ್ದರೆ ಒಂದೆರಡು ದಿನ ಎಳೆಯುತ್ತದೆ, ಹಿಕ್ಕೆ ಕೆಡುತ್ತದೆ, ಹೊಟ್ಟೆಯ ಸಪ್ಪೆಯ ಹಾಗೇ ಕಾಣುತ್ತದೆ. ಸತ್ತ ಕೂಡಲೇ ಮೈ ಸ್ವಲ್ಪ ಬಿಗಿಯಾಗಿದ್ದು, ತಲೆ ಕೊಕ್ಕೆಯಂತೆ ಬಾಗಿರುತ್ತದೆ. ಆಮೇಲೆ ಮೆತ್ತಗಾಗಿ ಕಪ್ಪಾಗುತ್ತದೆ.

ಈಗ ಗೊಂದಲ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ, ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಹೊಗೆಸೊಪ್ಪಿನ ನಿಕೋಟಿನ್ ಹಿಪ್ಪುನೇರಳೆ ಎಲೆಯ ಮೇಲೆ ಕೂತರೆ ಹುಳುವಿಗೆ ವಿಷ. ಆಗಲೂ ಹುಳು ತಿನ್ನುವುದು ಬಿಡುತ್ತದೆ, ತಲೆ ಮತ್ತು ಎದೆ ಎತ್ತಿ ನಿಲ್ಲುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ. ಹತ್ತಿರ ಹೋಗಿ ನೋಡಿ. ನಿಕೋಟಿನ್ ಆಗಿದ್ದರೆ ಎದೆ ಊದಿಕೊಂಡಿರುತ್ತದೆ, ಬಾಯಿಂದ ಕಂದು ಹಸಿರು ರಸ ಕಕ್ಕಿರುತ್ತದೆ. ಆಲೂಗಡ್ಡೆ, ಶುಂಠಿಗೆ ಹೊಡೆದ ಕೀಟನಾಶಕ ಹಾರಿ ಬಂದಿದ್ದರೆ ವಾಂತಿಯ ಜೊತೆಗೆ ಹುಳು ವಿಲವಿಲ ಒದ್ದಾಡಿ ಮೈ ಕುಗ್ಗಿಸಿಕೊಂಡಿರುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಖಚಿತ. ಬಿದ್ದ ಹುಳುಗಳಲ್ಲಿ ಒಂದು ಹಿಡಿಯಷ್ಟನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ, ಹೊಸ ಕಾಗದದ ಮೇಲೆ ಹರಡಿ. ದೂರದ ತೋಟದ ಒಳ್ಳೆಯ ಸೊಪ್ಪು ಇಡಿ. ನಿಕೋಟಿನ್ ಸ್ವಲ್ಪವೇ ತಗುಲಿದ್ದರೆ ಎಷ್ಟೋ ಹುಳು ಚೇತರಿಸಿಕೊಂಡು ಮತ್ತೆ ತಿನ್ನಲು ಶುರುಮಾಡುತ್ತವೆ. ಬಿಟಿಯಿಂದ ಕರುಳು ತೂತಾದ ಹುಳು ಹೀಗೆ ಎದ್ದು ಬರುವುದು ಕಷ್ಟ.

ಪಕ್ಕದ ಹೊಲದವರ ಜೊತೆ ಜಗಳಕ್ಕೆ ಹೋಗುವ ಮೊದಲು ಈ ಪರೀಕ್ಷೆ ಮಾಡಿ. ಅವರು ಏನು ಹೊಡೆದರು, ಯಾವಾಗ ಹೊಡೆದರು ಅಂತ ಸಮಾಧಾನವಾಗಿ ಕೇಳಿದರೆ ನಿಮಗೆ ಬೇಕಾದ ಉತ್ತರ ಸಿಗುತ್ತದೆ. "ಏನಣ್ಣ, ನಿನ್ನೆ ಕೋಸಿಗೆ ಏನು ಹೊಡೆದ್ರಿ? ಡಬ್ಬಿ ಒಂಚೂರು ತೋರಿಸ್ತೀರಾ?" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ದಾರಿ ಮಾಡಿಕೊಟ್ಟದ್ದು ಯಾವುದು

ಬಿಟಿ ಮತ್ತು ವಿಷ ಅಲ್ಲ ಅಂತಾದರೆ ಮನೆಯೊಳಗೇ ಹುಡುಕಬೇಕು. ಮೊದಲು ಸೊಪ್ಪಿನ ಕೋಣೆಗೆ ಹೋಗಿ. ಹುಳು ಮನೆಗಲ್ಲ, ಸೊಪ್ಪಿನ ಕೋಣೆಗೆ. ರಾಶಿಯ ನಡುವೆ ಮೊಣಕೈವರೆಗೆ ಕೈ ತೂರಿಸಿ. ಒಳಗೆ ಬೆಚ್ಚಗಿದ್ದರೆ ಸೊಪ್ಪು ಬೇಯುತ್ತಿದೆ, ಹುಳಿ ಹಿಡಿಯುತ್ತಿದೆ. ಬೆಳಿಗ್ಗೆ ಒಂದೇ ಸಲ ಕಟಾವು ಮಾಡಿ ರಾತ್ರಿ ಊಟದವರೆಗೂ ಕಟ್ಟಿನಲ್ಲೇ ಇಡುವುದು ನಮ್ಮ ಕಡೆ ಆಳಿನ ಕೊರತೆಯಿಂದ ಆಗುತ್ತಿರುವ ಅಭ್ಯಾಸ. ಕಟ್ಟು ಬಿಚ್ಚಿ, ಸಡಿಲವಾಗಿ ನಿಲ್ಲಿಸಿ, ಮೇಲೆ ಒದ್ದೆ ಗೋಣಿ ಹೊದಿಸಿದರೆ ಸಾಕಷ್ಟು ಉಳಿಯುತ್ತದೆ. ಗೋಣಿ ಒದ್ದೆ ಇರಲಿ, ಸೊಪ್ಪಿನಿಂದ ನೀರು ಸೋರುವಂತಾಗಬಾರದು.

ಮಳೆಗಾಲದ ಜಿಟಿಜಿಟಿಯಲ್ಲಿ ಬರುವ ಸಪ್ಪೆಗೆ ಒದ್ದೆ ಸೊಪ್ಪೇ ಕಾರಣ ಅನ್ನುವುದು ಬಹುಪಾಲು ನಿಜ. ಒದ್ದೆ ಎಲೆ ಹಾಸಿಗೆಯನ್ನು ಕೊಚ್ಚೆ ಮಾಡುತ್ತದೆ, ಹಿಕ್ಕೆ ನೆನೆದು ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಜಾಗವಾಗುತ್ತದೆ. ರಸ್ತೆ ಪಕ್ಕದ ಸಾಲುಗಳ ಕೆಳ ಎಲೆಗಳಲ್ಲಿ ಮಣ್ಣು ಸಿಡಿದಿದ್ದರೆ ಅದನ್ನು ಹುಳುವಿಗೆ ಹಾಕಲೇಬೇಡಿ. ಯೂರಿಯಾ ಜಾಸ್ತಿ ಹಾಕಿ ಬೆಳೆಸಿದ ಕಡುಹಸಿರು, ನೀರು ತುಂಬಿದ ಎಲೆ ನೋಡಲು ಚೆಂದ. ಹುಳುವಿಗೆ ಅದರಲ್ಲಿ ಸತ್ವ ಕಡಿಮೆ, ನೀರೇ ಜಾಸ್ತಿ. ಹಾಗೆಯೇ ಮಾಗಿ ಒರಟಾದ ಎಲೆಯನ್ನು ಮರಿ ಹುಳುವಿಗೆ ಹಾಕಿದರೂ ಅದು ಸೊರಗುತ್ತದೆ.

ಸೊಪ್ಪು ಸರಿ ಇದ್ದರೆ ಥರ್ಮಾಮೀಟರ್ ನೋಡಿ. ನಾಲ್ಕನೇ ಮತ್ತು ಐದನೇ ಹಂತಕ್ಕೆ, ಅಂದರೆ ಮೂರನೇ ಜ್ವರ ಕಳೆದ ದೊಡ್ಡ ಹುಳುವಿಗೆ, 24ರಿಂದ 25 ಡಿಗ್ರಿ ಸೆಲ್ಸಿಯಸ್, ಶೇ 65ರಿಂದ 75 ತೇವ ಬೇಕು. ಚಾಕಿಯಲ್ಲಿ, ಅಂದರೆ ಮರಿ ಹುಳು ಸಾಕುವ ಹಂತದಲ್ಲಿ, 27, 28 ಡಿಗ್ರಿ, ಶೇ 80ರ ಮೇಲೆ ತೇವ. ಚಾಕಿಯ ಬಿಸಿ ಮತ್ತು ತೇವವನ್ನು ದೊಡ್ಡ ಹುಳುವಿಗೂ ಮುಂದುವರಿಸಿದರೆ ಸಪ್ಪೆಯನ್ನು ಕರೆದಂತೆ. ಥರ್ಮಾಮೀಟರನ್ನು ಬಾಗಿಲ ಪಕ್ಕ ನೇತುಹಾಕಿ ತೃಪ್ತಿಪಡಬೇಡಿ. ಮೇಲಿನ ಅಂತಸ್ತಿನ ಮಟ್ಟದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹಿಡಿದು ನೋಡಿ. ಏಪ್ರಿಲ್‌ನಲ್ಲಿ ಶೀಟಿನ ಮನೆಯಲ್ಲಿ ಅಲ್ಲಿ ಬರುವ ಅಂಕಿ ನಿಮಗೇ ಉತ್ತರ ಹೇಳುತ್ತದೆ. ದ್ವಿತಳಿ ಹುಳು ಮಿಶ್ರತಳಿಯಷ್ಟು ಸೆಕೆ ತಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಡಿಸೆಂಬರ್, ಜನವರಿಯಲ್ಲಿ ತೊಂದರೆ ಉಲ್ಟಾ. ಹಾಸನದ ಚಳಿಗೆ ಹೆದರಿ ಕಿಟಕಿ ಎಲ್ಲ ಮುಚ್ಚಿ, ಒಳಗೆ ಇದ್ದಿಲು ಉರಿಸುತ್ತಾರೆ. ಹಿಕ್ಕೆಯ ಗಾಳಿ, ಇದ್ದಿಲಿನ ಗಾಳಿ, ಸೊಪ್ಪಿನ ಆವಿ ಎಲ್ಲ ಒಳಗೇ ನಿಲ್ಲುತ್ತದೆ. ಬಾಗಿಲು ತೆರೆದು ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿದರೆ, ಮೂಗಿಗೆ ಘಾಟು ಬಡಿದರೆ, ಹುಳುವಿಗೂ ಅದೇ ಅನುಭವ. ಹೊಗೆ ಇಲ್ಲದ ಹೀಟರ್ ಇಟ್ಟು, ಮೇಲಿನ ಗವಾಕ್ಷಿ ತೆರೆದಿಡಿ.

ಇಕ್ಕಟ್ಟು ಅಳೆಯುವುದು ಸುಲಭ. 100 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ಒಂದು ಮೊಟ್ಟೆ ಅಂತ ಲೆಕ್ಕ) ಬೆಳೆಗೆ ಐದನೇ ಹಂತದ ಕೊನೆಯಲ್ಲಿ 600ರಿಂದ 700 ಚದರ ಅಡಿ ಹಾಸಿಗೆ ಬೇಕು. ಟೇಪು ಹಿಡಿದು ಎಲ್ಲ ಅಂತಸ್ತಿನ ಉದ್ದ ಅಗಲ ಗುಣಿಸಿ ನೋಡಿ. 150 ಮೊಟ್ಟೆ ತಂದು 100ರ ಜಾಗದಲ್ಲಿ ಸಾಕುತ್ತಿದ್ದರೆ ಬೇರೆ ದೋಷ ಹುಡುಕುವುದೇ ಬೇಡ.

ಯಾವುದು ಕಾರಣ ಅಂತ ಇನ್ನೂ ಗೊತ್ತಾಗದಿದ್ದರೆ ಭಾಗ ಮಾಡಿ ನೋಡಿ. ಗಟ್ಟಿಯಾಗಿ ಕಾಣುವ ಹುಳುಗಳನ್ನು ನಾಲ್ಕು ತಟ್ಟೆಗೆ ಸ್ವಲ್ಪ ಸ್ವಲ್ಪ ಹಾಕಿ. ಒಂದಕ್ಕೆ ಇದೇ ಸೊಪ್ಪು, ಇದೇ ಮನೆ. ಇನ್ನೊಂದಕ್ಕೆ ಇದೇ ಸೊಪ್ಪು, ಮನೆ ಬೇರೆ, ತಂಪಾದ ಪಡಸಾಲೆ. ಮೂರನೆಯದಕ್ಕೆ ಬೇರೆ ತೋಟದ ಸೊಪ್ಪು, ಇದೇ ಮನೆ. ನಾಲ್ಕನೆಯದಕ್ಕೆ ಬೇರೆ ಸೊಪ್ಪು, ಬೇರೆ ಮನೆ. ಒಂದು ದಿನದಲ್ಲಿ ಹಿಕ್ಕೆಯೇ ಹೇಳಿಬಿಡುತ್ತದೆ. ನಾಲ್ಕರಲ್ಲೂ ಒಂದೇ ಥರ ಸಾಯುತ್ತಿದ್ದರೆ ಸೋಂಕು ಹುಳುವಿನೊಳಗೆ ಆಗಲೇ ಇತ್ತು. ಚಾಕಿಯಿಂದ ಬಂತೋ, ಹಿಂದಿನ ಬೆಳೆಯ ಮನೆಯಿಂದ ಬಂತೋ ನೋಡಬೇಕು.

ಇವತ್ತು ಮಾಡಬೇಕಾದ್ದು

ಮೆತ್ತಗಾದ, ಸತ್ತ ಹುಳುವನ್ನು ಕಡ್ಡಿಯಿಂದ ಆರಿಸಿ, ಕೈಯಿಂದ ಬೇಡ. ಒಂದು ಪ್ಲಾಸ್ಟಿಕ್ ಬೋಗುಣಿಯಲ್ಲಿ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರು ಇಟ್ಟುಕೊಂಡು ಅದರೊಳಗೆ ಹಾಕುತ್ತಾ ಹೋಗಿ. ಆರಿಸಿದವರೇ ಕೈ ತೊಳೆಯದೆ ಸೊಪ್ಪು ಹಾಕಬಾರದು. ಹಾಸಿಗೆ ಬದಲಿಸಿ, ಹುಳುವನ್ನು ಅಗಲವಾಗಿ ಹರಡಿ. ಅರಳಿಸಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದರೆ ತೇವ ಆರುತ್ತದೆ. ಹುಳು ಜ್ವರದಿಂದ ಎದ್ದ ಹೊತ್ತಾಗಿದ್ದರೆ ವಿಜೇತ ಥರದ ಹಾಸಿಗೆ ಸೋಂಕುನಿವಾರಕವನ್ನು ಸೊಪ್ಪು ಕೊಡುವ ಅರ್ಧ ಗಂಟೆ ಮುಂಚೆ ಹಾಕಿ, ಪೊಟ್ಟಣದ ಮೇಲಿನ ಅಳತೆಯಂತೆ. ಅದು ಹರಡುವುದನ್ನು ತಡೆಯುತ್ತದೆ, ಬಿದ್ದ ಹುಳುವನ್ನು ಎಬ್ಬಿಸುವುದಿಲ್ಲ. ಅಂಚಿನ ಸಾಲಿನ ಸೊಪ್ಪು ನಿಲ್ಲಿಸಿ. ಒಂದು ಊಟ ತಪ್ಪಿದರೂ ಪರವಾಗಿಲ್ಲ, ಅನುಮಾನದ ಸೊಪ್ಪು ಮಾತ್ರ ಬೇಡ.

ಮನುಷ್ಯರ ಆಂಟಿಬಯೋಟಿಕ್ ಮಾತ್ರೆಯನ್ನು ನೀರಲ್ಲಿ ಕರಗಿಸಿ ಸೊಪ್ಪಿಗೆ ಚಿಮುಕಿಸುವ ಸಲಹೆ ಅಂಗಡಿಯಲ್ಲೋ ಅರಳಿಕಟ್ಟೆಯಲ್ಲೋ ಸಿಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ನೀವಾಗಿ ಮಾಡಬೇಡಿ. ಬಿಟಿಯ ಹರಳಿಗೆ ಅದು ಏನೂ ಮಾಡದು, ವೈರಸ್ಸಿಗೂ ಏನೂ ಮಾಡದು. ಮೇಲಿಂದ ಸೊಪ್ಪು ಒದ್ದೆಯಾಗುತ್ತದೆ.

ಪರೀಕ್ಷೆಗೆ ಕಳಿಸುವುದಾದರೆ ನರಳುತ್ತಿರುವ ಜೀವಂತ ಹುಳುಗಳನ್ನು ತೂತಿರುವ ಡಬ್ಬಿಯಲ್ಲಿ, ಕೊಳೆತವನ್ನು ಬೇರೆ ಪೊಟ್ಟಣದಲ್ಲಿ, ಹಾಕಿದ ಸೊಪ್ಪನ್ನು ಇನ್ನೊಂದರಲ್ಲಿ ಹಾಕಿ ಅದೇ ದಿನ ತಾಂತ್ರಿಕ ಸೇವಾ ಕೇಂದ್ರಕ್ಕೆ ಒಯ್ಯಿರಿ. ಮೊಟ್ಟೆ ತಂದ ದಿನ, ಎಷ್ಟನೇ ಜ್ವರ, ಯಾವ ಊಟದ ನಂತರ ಶುರುವಾಯಿತು ಅಂತ ಚೀಟಿ ಬರೆದಿಡಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಅವರ ಮೂಲಕ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರೆಗೂ ಹೋಗಬಹುದು.

ಬೆಳೆ ಉಳಿಸಿಕೊಳ್ಳುವುದೋ ಬಿಡುವುದೋ ಅನ್ನುವುದು ಕಷ್ಟದ ತೀರ್ಮಾನ. ಹುಳು ಹಣ್ಣಾಗಲು, ಅಂದರೆ ಗೂಡು ಕಟ್ಟಲು ತಯಾರಾಗಲು, ಒಂದೆರಡು ದಿನ ಮಾತ್ರ ಇದ್ದು, ಸಾವು ಒಂದು ಮೂಲೆಗೆ ಸೀಮಿತವಾಗಿದ್ದರೆ ಮುಂದುವರಿಸಿ. ಹುಳು ಗೂಡು ಕಟ್ಟುವ ಚಂದ್ರಿಕೆಗೆ ಹಾಕುವಾಗ ಗಟ್ಟಿ ಹುಳುವನ್ನೇ ಆರಿಸಿ, ತೆಳ್ಳಗೆ ಹಾಕಿ. ಬಡ ಹುಳು ಗೂಡಿನೊಳಗೇ ಸತ್ತು ಕರಗಿದರೆ ಅದರ ಕಲೆ ಪಕ್ಕದ ಒಳ್ಳೆಯ ಗೂಡಿಗೂ ಹತ್ತಿ, ಮಾರುಕಟ್ಟೆಯಲ್ಲಿ ಇಡೀ ಲಾಟಿನ ಬೆಲೆ ಇಳಿಯುತ್ತದೆ. ಐದನೇ ಹಂತದ ಎರಡನೇ, ಮೂರನೇ ದಿನಕ್ಕೇ ಎಲ್ಲ ಅಂತಸ್ತಿನಲ್ಲೂ ಸಾಯುತ್ತಿದ್ದು, ಹಾಸಿಗೆ ಹಗುರ ಮಾಡಿ ಸೊಪ್ಪು ಬದಲಿಸಿದ ಮೇಲೂ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಬಿಟ್ಟುಬಿಡುವುದೇ ಸರಿ. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಐದನೇ ಹಂತದ್ದೇ. ಸಾಯುವ ಹುಳುವಿಗೆ ಅಷ್ಟು ಸೊಪ್ಪು, ಅಷ್ಟು ಕೂಲಿ ಸುರಿಯುವ ಬದಲು ತೋಟ ಉಳಿಸಿ, ಮನೆ ತೊಳೆದು, ಮುಂದಿನ ಮೊಟ್ಟೆ ತರಬಹುದು. ಈ ಮಾತು ಹೇಳುವಾಗ ಮನೆಯವರ ಮುಖ ನೋಡುವುದು ಕಷ್ಟ. ಆದರೂ ಹೇಳಲೇಬೇಕು.

ಮನೆ ತೊಳೆಯುವುದು

ಬಿಟಿಯಂಥ ಬ್ಯಾಕ್ಟೀರಿಯಾ ಬೀಜಾಣುವಾಗಿ ಧೂಳಿನಲ್ಲಿ, ಹಿಕ್ಕೆಯಲ್ಲಿ ಬಹಳ ಕಾಲ ಕೂತಿರಬಲ್ಲದು. ಬರೀ ಗುಡಿಸಿದರೆ ಹೋಗುವುದಿಲ್ಲ. 10 ಲೀಟರ್ ನೀರಿಗೆ 200 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, 30 ಗ್ರಾಂ ಅರಳಿಸಿದ ಸುಣ್ಣ ಕಲಸಿ, ಸೋಸಿ, ಗೋಡೆ, ನೆಲ, ಸ್ಟ್ಯಾಂಡು, ಬಲೆ, ಚಂದ್ರಿಕೆ ಎಲ್ಲ ಚೆನ್ನಾಗಿ ತೋಯುವಂತೆ ಹೊಡೆಯಬೇಕು. ಪೌಡರಿನಲ್ಲಿ ಶೇ 30 ಕ್ಲೋರಿನ್ ಇರಬೇಕು. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೌಡರಿನಲ್ಲಿ ಅದು ಉಳಿದಿರುವುದಿಲ್ಲ, ನೀವು ಸುಮ್ನೆ ಸುಣ್ಣ ಬಳಿದಂತಾಗುತ್ತದೆ. ಕಲಸಿದ ದಿನವೇ ಮುಗಿಸಿ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಆಮೇಲೆ ನೀರಿನಲ್ಲಿ ತೊಳೆಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಹುಳು ಒಳಗಿರುವಾಗ ಈ ಕೆಲಸ ಬೇಡ. ಬೆಳೆ ಮುಗಿದ ಕೂಡಲೇ ಒಂದು ಸಲ, ಹೊಸ ಹುಳು ತರುವ ನಾಲ್ಕೈದು ದಿನ ಮುಂಚೆ ಇನ್ನೊಂದು ಸಲ ಮಾಡಿ.

ಹಾಸಿಗೆಯ ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಿ. ರೋಗ ಬಂದ ಮನೆಯ ಕಸವನ್ನು ಹಸಿಯಾಗಿ ತಿಪ್ಪೆಗೆ ಹಾಕಿ, ತಿಪ್ಪೆ ಗೊಬ್ಬರವನ್ನು ಅದೇ ಹಿಪ್ಪುನೇರಳೆಗೆ ಹಾಕಿದರೆ, ಮೊದಲ ಮಳೆಗೆ ಮಣ್ಣು ಸಿಡಿದು ಎಲೆ ಹತ್ತುತ್ತದೆ, ಎಲೆಯಿಂದ ಮತ್ತೆ ಹುಳುವಿಗೆ ಹೋಗುತ್ತದೆ. ಸತ್ತ ಹುಳುವನ್ನು ಕೋಳಿಗೆ ಹಾಕುವುದೂ ಇದೆ, ಕೋಳಿ ಅದನ್ನು ಅಂಗಳದ ತುಂಬಾ ಕೆದರುತ್ತದೆ. ಸತ್ತ ಹುಳುವನ್ನು ಸುಟ್ಟುಬಿಡಿ, ಇಲ್ಲವೇ ಸುಣ್ಣ ಹಾಕಿ ಆಳವಾಗಿ ಹೂಳಿ. ಕಸವನ್ನು ತೋಟದಿಂದ ದೂರದ ಗುಂಡಿಯಲ್ಲಿ ಮುಚ್ಚಿ, ಪೂರ್ತಿ ಕಳಿತು ಮಣ್ಣಾದ ಮೇಲೆ ತೆಂಗಿಗೋ ರಾಗಿ ಹೊಲಕ್ಕೋ ಹಾಕಿ.